ಎಡೆದೊರೆ ನಾಡು: ಇಪ್ಪತ್ತನೆಯ ಶತಮಾನದಲ್ಲಿ ರಾಯಚೂರು, ಮಾನ್ವಿ, ದೇವದುರ್ಗ

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಇವೆರಡರ ನಡುವೆ ಹರಡಿಕೊಂಡ ಬಯಲನ್ನು ಹಳೆಯ ಶಾಸನಗಳು ಎಡೆದೊರೆ ನಾಡು ಎಂದು ಕರೆದಿವೆ. ಚರಿತ್ರೆಯ ಪುಸ್ತಕಗಳಲ್ಲಿ ಇದಕ್ಕೆ ರಾಯಚೂರು ದೋಆಬ್ ಎಂದು ಹೆಸರು. ಬಹಮನಿಗಳೂ ವಿಜಯನಗರದವರೂ ತಲೆಮಾರುಗಟ್ಟಲೆ ಇದಕ್ಕಾಗಿ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿದ್ದು ಇಲ್ಲಿಯೇ. ರಾಯಚೂರು ನಗರ ಈ ಬಯಲಿನ ಮೂಡಣ ಭಾಗದಲ್ಲಿದೆ. ಅಲ್ಲಿಂದ ನೈಋತ್ಯಕ್ಕೆ, ತುಂಗಭದ್ರೆಯ ಮಗ್ಗುಲಿಗೆ ಮಾನ್ವಿ. ವಾಯವ್ಯಕ್ಕೆ, ಕೃಷ್ಣೆಯ ಮಗ್ಗುಲಿಗೆ ದೇವದುರ್ಗ. ಎರಡೂ ಜಿಲ್ಲಾ ಕೇಂದ್ರದಿಂದ ಸುಮಾರು 50 ಕಿ.ಮೀ. ದೂರ.

ಇಪ್ಪತ್ತನೆಯ ಶತಮಾನ ಹುಟ್ಟಿದಾಗ ಈ ಮೂರು ಊರುಗಳ ಸುತ್ತಲಿನ ಹಳ್ಳಿಗಳ ಬದುಕು ಹೆಚ್ಚು ಕಡಿಮೆ ಒಂದೇ ಆಗಿತ್ತು: ಅದೇ ಎರೆ ಹೊಲ, ಅದೇ ಜೋಳ, ಅದೇ ನಿಜಾಮನ ಕಚೇರಿ, ಅದೇ ಬರ. ಶತಮಾನ ಮುಗಿಯುವಾಗ ಮೂರೂ ಬೇರೆ ಬೇರೆ ನಾಡುಗಳಂತಾಗಿದ್ದವು. ರಾಯಚೂರು ರೈಲು, ಗಂಜ್ ಮತ್ತು ವಿದ್ಯುತ್ ಸ್ಥಾವರದ ನಗರ. ಮಾನ್ವಿ ಭತ್ತ ಮತ್ತು ಕಾಲುವೆಯ ತಾಲೂಕು. ದೇವದುರ್ಗ ಗುಳೆ ಹೋಗುವವರ ತಾಲೂಕು. ನದಿಗಳು ಎಲ್ಲರಿಗೂ ಸಮಾನ ದೂರದಲ್ಲಿಯೇ ಹರಿದವು. ರೈಲು, ನೀರು, ಅಕ್ಷರ ಮಾತ್ರ ಒಂದೊಂದು ಕಡೆಗೆ ಒಂದೊಂದು ಕಾಲಕ್ಕೆ, ಒಂದೊಂದು ಅಳತೆಯಲ್ಲಿ ಬಂದವು. ಈ ನಾಡಿನ ನೂರು ವರ್ಷಗಳ ಕಥೆಯನ್ನು ತಿಳಿಯಲು ಆ ಏರುಪೇರನ್ನೇ ಹಿಡಿದು ಹೋಗಬೇಕು.

ನೆಲ ಮತ್ತು ಹಳೆಯ ಬೇಸಾಯ

ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಬೀಳುವ ಸೀಮೆ ಇದು. ಅದೂ ನಂಬುವಂಥದ್ದಲ್ಲ. ಎರೆ ಭೂಮಿಯಲ್ಲಿ ಹಿಂಗಾರಿನ ಬಿಳಿಜೋಳ, ಕಡಲೆ, ಕುಸುಬೆ, ಹತ್ತಿ. ಮಸಾರಿಯಲ್ಲಿ ಮುಂಗಾರಿನ ಸಜ್ಜೆ, ನವಣೆ, ತೊಗರಿ, ಶೇಂಗಾ. ಎರೆ ಮಣ್ಣು ಮಳೆಯ ತೇವವನ್ನು ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಹೀಗಾಗಿ ಮಳೆ ನಿಂತ ಮೇಲೆ ಬಿತ್ತಿದ ಜೋಳ ಇಬ್ಬನಿ ಮತ್ತು ಒಳತೇವದ ಮೇಲೆಯೇ ತೆನೆ ಕಟ್ಟುತ್ತಿತ್ತು. ಕಾಳು ಮನುಷ್ಯರಿಗೆ, ಕಣಕಿ ದನಗಳಿಗೆ. ಒಂದು ಬೆಳೆಯಲ್ಲಿ ಮನೆಯೂ ಕೊಟ್ಟಿಗೆಯೂ ನಡೆಯುತ್ತಿದ್ದವು.

ಬರವನ್ನು ಎದುರಿಸಲು ಹಳ್ಳಿಗರು ಕಂಡುಕೊಂಡ ಉಪಾಯ ಹಗೇವು. ಗಟ್ಟಿ ನೆಲ ನೋಡಿ ಮನೆಯ ಮುಂದೆಯೋ ಊರ ನಡುವೆಯೋ ತೋಡಿದ ಗುಂಡಿ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಇಕ್ಕಟ್ಟು, ಒಳಗೆ ಹೊಟ್ಟೆ ಅಗಲ. ಗೋಡೆಗೂ ತಳಕ್ಕೂ ಒಣ ಹುಲ್ಲು ಒತ್ತಿ ಜೋಳ ತುಂಬುವರು. ಮೇಲೆ ಮತ್ತೆ ಹುಲ್ಲು, ಅದರ ಮೇಲೆ ಚಪ್ಪಡಿ, ಚಪ್ಪಡಿಯ ಮೇಲೆ ಮಣ್ಣು. ಗಾಳಿಯಾಡದ ಕಾರಣ ಹುಳ ಹತ್ತುತ್ತಿರಲಿಲ್ಲ; ಒಂದು ಸುಗ್ಗಿಯ ಜೋಳ ಮುಂದಿನ ಬರಗಾಲದವರೆಗೂ ಉಳಿಯುತ್ತಿತ್ತು. ತೆಗೆಯುವ ದಿನ ಬಾಯಿ ತೆರೆದು ಕೆಟ್ಟ ಗಾಳಿ ಹೋಗಲು ಬಿಟ್ಟು, ದೀಪ ಇಳಿಸಿ ನೋಡಿ, ಅದು ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ. ದೀಪ ನೋಡದೆ ಇಳಿದರೆ ಜೀವಕ್ಕೇ ಅಪಾಯ. ಮುಂದೆ ಕಾಲುವೆ ಬಂದು ಭತ್ತದ ಸೀಮೆಯಾದ ಹಳ್ಳಿಗಳಲ್ಲಿ ಹಗೇವುಗಳು ಮುಚ್ಚಿಹೋದವು. ಭತ್ತವನ್ನು ಯಾರೂ ಮನೆಯಲ್ಲಿ ಮೂರು ವರ್ಷ ಇಡುವುದಿಲ್ಲ. ಕಣದಿಂದ ನೇರ ಗಿರಣಿಗೆ ಹೋಗುತ್ತದೆ. ಕಾಳು ಕೂಡಿಡುವ ಹಳ್ಳಿ ಕಾಳು ಮಾರುವ ಹಳ್ಳಿಯಾದದ್ದು ಈ ಶತಮಾನದ ದೊಡ್ಡ ಪಲ್ಲಟ. ತುಂಗಭದ್ರಾ ಅಣೆಕಟ್ಟಿನ ಚರಿತ್ರೆ ಬರೆದವರು ಇದಕ್ಕೆ ಕೊಡಬೇಕಾದಷ್ಟು ಗಮನ ಕೊಟ್ಟಿಲ್ಲ.

ನಿಜಾಮರ ಆಡಳಿತದಲ್ಲಿ

1853ರ ಒಪ್ಪಂದದಲ್ಲಿ ಬೇರಾರಿನ ಜೊತೆ ಬ್ರಿಟಿಷರ ಕೈಗೆ ಹೋಗಿದ್ದ ದೋಆಬ್ 1860ರಲ್ಲಿ ಹೈದರಾಬಾದಿಗೆ ಮರಳಿತು. ಅಲ್ಲಿಂದ 1948ರವರೆಗೆ ಇದು ಗುಲಬರ್ಗಾ ಸುಭೆಗೆ ಸೇರಿದ ಜಿಲ್ಲೆ. ಜಿಲ್ಲೆಯ ಮುಖ್ಯಾಧಿಕಾರಿಗೆ ಅವ್ವಲ್ ತಾಲೂಕ್ದಾರ ಎಂದು ಹುದ್ದೆಯ ಹೆಸರು. ಲೆಕ್ಕ ಫಸಲಿ ವರ್ಷದಲ್ಲಿ, ಚಲಾವಣೆಯಲ್ಲಿದ್ದದ್ದು ಹೈದರಾಬಾದಿನದೇ ಹಾಲಿ ಸಿಕ್ಕಾ ರೂಪಾಯಿ. ತುಂಗಭದ್ರೆ ದಾಟಿದರೆ ಮದ್ರಾಸ್ ಪ್ರಾಂತ. ಅಲ್ಲಿ ಬೇರೆ ನಾಣ್ಯ, ಬೇರೆ ಕಾನೂನು. ಗಡಿಯಲ್ಲಿ ಕರೋಡ್ಗಿರಿಯವರಿಗೆ ಸುಂಕ ಕಟ್ಟಬೇಕಿತ್ತು. ನದಿಯ ಆಚೆ ದಂಡೆಯಲ್ಲಿ ಬೀಗರು ಇದ್ದವರಿಗೆ ಮದುವೆ ಮಾಡುವುದೂ ಎರಡು ರಾಜ್ಯಗಳ ನಡುವಿನ ವ್ಯವಹಾರವಾಗಿತ್ತು.

ನೆಲದ ಒಡೆತನ ಒಂದೇ ಬಗೆಯದಾಗಿರಲಿಲ್ಲ. ಸರ್ಕಾರಕ್ಕೆ ನೇರವಾಗಿ ಕಂದಾಯ ಕಟ್ಟುವ ದಿವಾನಿ ಹಳ್ಳಿಗಳು, ನಿಜಾಮನ ಸ್ವಂತ ಖರ್ಚಿಗೆ ಮೀಸಲಾದ ಸರ್ಫ್-ಎ-ಖಾಸ್ ಹಳ್ಳಿಗಳು, ಜಾಗೀರುಗಳು ಹೀಗೆ ಹೈದರಾಬಾದ್ ಸಂಸ್ಥಾನದಲ್ಲಿ ಹಲವು ತರ. ದೇವದುರ್ಗ ಹಿಂದೆ ಬೇಡ ನಾಯಕರ ನೆಲೆ. ಕೋಟೆ ಬಿದ್ದರೂ ನಾಯಕ ಸಮುದಾಯದ ಸಂಖ್ಯೆ, ಹೆಮ್ಮೆ ಎರಡೂ ಉಳಿದವು. ಒಡೆಯ ಯಾರೇ ಇರಲಿ, ಕೂಲಿಯಿಲ್ಲದ ಬಿಟ್ಟಿ ದುಡಿತ ಮಾತ್ರ ಕೆಳಜಾತಿಯವರ ಕೊರಳಿಗೆ ಬಿದ್ದೇ ಇತ್ತು.

ಈ ನಾಡಿಗೆ ಹೊರಜಗತ್ತನ್ನು ತಂದದ್ದು ರೈಲು. ಬೊಂಬಾಯಿಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ಮದ್ರಾಸಿನಿಂದ ಬಂದ ಮದ್ರಾಸ್ ರೈಲ್ವೆಯೂ 1871ರಲ್ಲಿ ಕೂಡಿದ್ದು ರಾಯಚೂರಿನಲ್ಲಿ. ಆ ಕೂಡಿಕೆಯ ಫಲ ಮುಂದಿನ ಶತಮಾನದಲ್ಲಿ ಕಾಣಿಸಿತು. ದೋಆಬಿನ ಹತ್ತಿ, ಶೇಂಗಾ, ಕುಸುಬೆ ಬಂಡಿಗಳಲ್ಲಿ ಸ್ಟೇಷನ್ನಿಗೆ ಬಂದವು. ಹತ್ತಿ ಬಿಡಿಸುವ ಜಿನ್ನುಗಳು, ಎಣ್ಣೆ ಗಿರಣಿಗಳು ಎದ್ದವು. ಗುಜರಾತಿ, ಮಾರ್ವಾಡಿ ವ್ಯಾಪಾರಿಗಳು ನೆಲೆಸಿದರು. ಮಾನ್ವಿ, ದೇವದುರ್ಗಗಳಿಗೆ ರೈಲು ಬರಲಿಲ್ಲ. ಬಂಡಿ ಕಟ್ಟಿಕೊಂಡು ರಾಯಚೂರಿಗೆ ಬರುವುದೇ ಅವುಗಳ ಪಾಲಿಗೆ ಉಳಿದ ದಾರಿ. ಜಿಲ್ಲಾ ಕೇಂದ್ರ ಮತ್ತು ತಾಲೂಕುಗಳ ನಡುವಿನ ಅಂತರ ಇಲ್ಲಿಂದ ಶುರು.

ಹೈದರಾಬಾದ್ ದಿಕ್ಕಿಗೆ ಕೃಷ್ಣೆಯನ್ನು ದಾಟಲು ದೇವಸೂಗೂರಿನ ಬಳಿ ಸಿರಾತ್-ಎ-ಜೂದಿ ಎಂಬ ರಸ್ತೆ ಸೇತುವೆಯನ್ನು ನಿಜಾಮ ಸರ್ಕಾರ ಕಟ್ಟಿಸಿತು. 1933ರಲ್ಲಿ ಶುರುವಾದ ಕೆಲಸ 1943ಕ್ಕೆ ಮುಗಿಯಿತು. ಕಲ್ಲಿನ ಕಮಾನುಗಳ ಆ ಸೇತುವೆ ತಾನು ಹುಟ್ಟಿದ ಕಾಲಕ್ಕಿಂತ ಎಷ್ಟೋ ಪಟ್ಟು ಭಾರದ ಲಾರಿಗಳನ್ನು ದಶಕಗಟ್ಟಲೆ ಹೊತ್ತಿತು.

ಅಕ್ಷರದ ಹಸಿವು

ಸಂಸ್ಥಾನದ ಆಡಳಿತ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಉನ್ನತ ಶಿಕ್ಷಣವೂ ಉರ್ದುವಿನಲ್ಲಿಯೇ. ದೇಶಭಾಷೆಯೊಂದರಲ್ಲಿ ವೈದ್ಯ, ವಿಜ್ಞಾನಗಳನ್ನು ಕಲಿಸಿದ ಆ ಪ್ರಯತ್ನ ದೊಡ್ಡದು. ಆದರೆ ಕನ್ನಡದ ಹಳ್ಳಿಯ ಮಗುವಿಗೆ ಆ ದೇಶಭಾಷೆ ತನ್ನದಾಗಿರಲಿಲ್ಲ. ಮನೆಯಲ್ಲಿ ಒಂದು ಮಾತು, ಶಾಲೆಯಲ್ಲಿ ಇನ್ನೊಂದು. ಹೊಲದ ಕಾಗದ ಓದಿಸಲು ಊರೊಳಗೆ ಒಬ್ಬನೋ ಇಬ್ಬರೋ ಸಿಗುವ ಸ್ಥಿತಿ. ತನ್ನ ಹೊಲದ ದಾಖಲೆಯನ್ನು ತಾನೇ ಓದಲಾರದ ರೈತ ಮೋಸ ಹೋಗುವುದು ಎಷ್ಟು ಸುಲಭ ಎಂಬುದನ್ನು ಹೇಳಬೇಕಾಗಿಲ್ಲ.

ಈ ಕತ್ತಲೆಯನ್ನು ಕಳೆಯಲು ಹೊರಟವರಲ್ಲಿ ಮೊದಲು ನಿಲ್ಲುವವರು ಪಂಡಿತ ತಾರಾನಾಥರು (1891–1942). ಕರಾವಳಿಯ ಮೂಲದ ಅವರು 1920ರ ಸುಮಾರಿಗೆ ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನು ಕಟ್ಟಿದರು. ವೈದ್ಯ, ಸಂಗೀತಜ್ಞ, ಸಮಾಜ ಸುಧಾರಕ ಮೂರೂ ಆಗಿದ್ದ ತಾರಾನಾಥರ ಶಾಲೆಯಲ್ಲಿ ಜಾತಿ, ಮತಗಳ ಗೋಡೆ ಇರಲಿಲ್ಲ. ನಿಜಾಮ ಸರ್ಕಾರದ ಕಣ್ಣು ಬಿದ್ದಾಗ ಅವರು ತುಂಗಭದ್ರೆಯ ಆಚೆ, ಮದ್ರಾಸ್ ಪ್ರಾಂತದ ನೆಲದಲ್ಲಿ ಪ್ರೇಮಾಯತನ ಆಶ್ರಮ ಸ್ಥಾಪಿಸಿದರು. ಸರೋದ್ ವಾದಕ ರಾಜೀವ್ ತಾರಾನಾಥರು ಇವರ ಮಗ. ರಾಯಚೂರಿನ ತಾರಾನಾಥ ಶಿಕ್ಷಣ ಸಂಸ್ಥೆ ಇಂದಿಗೂ ಅವರ ಹೆಸರು ಹೊತ್ತಿದೆ, ಎಲ್.ವಿ.ಡಿ. ಕಾಲೇಜು ಅದರ ಆಶ್ರಯದ್ದೇ. ಒಬ್ಬ ಮನುಷ್ಯನ ಶ್ರಮ ಒಂದು ಜಿಲ್ಲೆಯ ಓದುವ ವರ್ಗವನ್ನೇ ರೂಪಿಸಿದ ಉದಾಹರಣೆ ಕರ್ನಾಟಕದಲ್ಲಿ ಹೆಚ್ಚಿಲ್ಲ.

1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ರಾಯಚೂರಿನಲ್ಲಿ ನಡೆಯಿತು. ಉರ್ದು ಕಚೇರಿಯ ಊರಿನಲ್ಲಿ ಕನ್ನಡದ ದೊಡ್ಡ ಸಭೆ ಸೇರಿದ್ದು ಬರೀ ಸಾಹಿತ್ಯದ ಸಂಗತಿಯಾಗಿರಲಿಲ್ಲ. ಕರ್ನಾಟಕ ಏಕೀಕರಣದ ಮಾತು ನಿಜಾಮ ಸೀಮೆಯಲ್ಲಿ ಸಭೆ ಕಟ್ಟಿ ಕೂತದ್ದು ಇಂಥ ವೇದಿಕೆಗಳಲ್ಲಿಯೇ. ಮುಂದೆ 2016ರಲ್ಲಿಯೂ ಈ ನಗರದಲ್ಲಿ ಸಮ್ಮೇಳನ ನಡೆಯಿತು. ಆಗ ಅಧ್ಯಕ್ಷರು ಬರಗೂರು ರಾಮಚಂದ್ರಪ್ಪನವರು.

1948ರಿಂದ 1956

1947ರ ಆಗಸ್ಟ್ 15 ಇಲ್ಲಿಗೆ ಸ್ವಾತಂತ್ರ್ಯ ತರಲಿಲ್ಲ. ಸಂಸ್ಥಾನ ಭಾರತಕ್ಕೆ ಸೇರಲು ಒಪ್ಪಲಿಲ್ಲ. ಮುಂದಿನ ಹದಿಮೂರು ತಿಂಗಳು ನಿಜಾಮನ ಪರ ನಿಂತ ರಜಾಕಾರ ಪಡೆಯ ಹಾವಳಿ, ಅದಕ್ಕೆ ಎದುರಾಗಿ ಗಡಿಯಾಚೆಯ ಶಿಬಿರಗಳಿಂದ ಹೋರಾಟ, ಊರು ಬಿಟ್ಟು ನದಿ ದಾಟಿದ ಕುಟುಂಬಗಳು. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳನುಗ್ಗಿತು. 17ರಂದು ನಿಜಾಮ ಶರಣಾದ. ಈ ಸೀಮೆಯ ಹಿರಿಯರ ನೆನಪಿನಲ್ಲಿ ಆಗಸ್ಟಿಗಿಂತ ಆ ಸೆಪ್ಟೆಂಬರಿನ ಗುರುತೇ ಆಳ. ಸೇನೆಯ ಕಾರ್ಯಾಚರಣೆಯ ಹಿಂದೆಯೇ ಹಲವು ಊರುಗಳಲ್ಲಿ ಮುಸ್ಲಿಮರ ಮೇಲೆ ಹಲ್ಲೆಗಳಾದವು. ತಪ್ಪು ಮಾಡದವರೂ ಬೆಲೆ ತೆತ್ತರು. ವಿಮೋಚನೆಯ ಚರಿತ್ರೆ ಬರೆಯುವಾಗ ಆ ನೋವನ್ನೂ ಬರೆಯಬೇಕು.

1949ರಲ್ಲಿ ಜಾಗೀರುಗಳು ರದ್ದಾದವು, ಸರ್ಫ್-ಎ-ಖಾಸ್ ಸರ್ಕಾರದಲ್ಲಿ ವಿಲೀನವಾಯಿತು. 1950ರ ಹೈದರಾಬಾದ್ ಗೇಣಿ ಕಾನೂನು ಗೇಣಿದಾರರಿಗೆ ಕಾಗದದ ಮೇಲೆ ಹಕ್ಕು ಕೊಟ್ಟಿತು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಗದ್ವಾಲ ಮತ್ತು ಆಲಂಪುರ ತಾಲೂಕುಗಳು ಆಂಧ್ರಪ್ರದೇಶದ ಪಾಲಾದವು. ರಾಯಚೂರು ನಗರ ಒಮ್ಮೆಲೇ ಗಡಿ ಊರಾಯಿತು. ಕಚೇರಿಯ ಭಾಷೆ ಬದಲಾಯಿತು, ಶಾಲೆ ಕನ್ನಡದ್ದಾಯಿತು. ಸೇತ್ವಾರ್, ಪಟ್ಟೆದಾರ ಮುಂತಾದ ಮಾತುಗಳು ಮಾತ್ರ ಕಂದಾಯದ ಕಡತಗಳಲ್ಲಿ ಉಳಿದುಕೊಂಡವು.

ಗಡಿ ಹಾಕಿದ ಗೆರೆ ನೀರಿನ ಮೇಲೂ ಬಿತ್ತು. ಮಾನ್ವಿ ತಾಲೂಕಿನ ರಾಜೋಳಿಬಂಡದಲ್ಲಿ ತುಂಗಭದ್ರೆಗೆ ಒಡ್ಡು ಕಟ್ಟಿ ನೀರು ತಿರುಗಿಸುವ ಯೋಜನೆ ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ, ಒಂದೇ ರಾಜ್ಯದ ಒಳಗಿನ ಕೆಲಸವೆಂದು ಶುರುವಾಗಿತ್ತು. 1956ರ ನಂತರ ಒಡ್ಡು ಮತ್ತು ಕಾಲುವೆಯ ಮೊದಲ ಸುಮಾರು 42 ಕಿ.ಮೀ. ಕರ್ನಾಟಕದಲ್ಲಿ ಉಳಿದವು, ನೀರುಣ್ಣುವ ನೆಲದ ಬಹುಭಾಗ ಆಚೆಗೆ ಹೋಯಿತು. ಕರ್ನಾಟಕದ ಅಚ್ಚುಕಟ್ಟು 6,000 ಎಕರೆಗೂ ಕಡಿಮೆ, ಆಚೆಯದು 87,000 ಎಕರೆಗೂ ಹೆಚ್ಚು. ಒಡ್ಡಿನ ಎತ್ತರದ ಬಗೆಗೆ, ತೂಬುಗಳ ಬಗೆಗೆ ಅಂದಿನಿಂದ ನಡೆದ ತಕರಾರು ಒಂದು ನಕ್ಷೆಯ ಗೆರೆ ಎಷ್ಟು ತಲೆಮಾರುಗಳನ್ನು ಕಾಡಬಲ್ಲದು ಎಂಬುದಕ್ಕೆ ಸಾಕ್ಷಿ.

ಎಡದಂಡೆ ಕಾಲುವೆ ಮತ್ತು ಮಾನ್ವಿ

ಈ ನಾಡಿನ ಶತಮಾನವನ್ನು ಎರಡು ಭಾಗ ಮಾಡುವುದಾದರೆ ನಡುವಿನ ಗೆರೆ ತುಂಗಭದ್ರಾ ಅಣೆಕಟ್ಟು. 1945ರ ಫೆಬ್ರುವರಿ 28ರಂದು ಹೈದರಾಬಾದ್ ಮತ್ತು ಮದ್ರಾಸ್ ಸರ್ಕಾರಗಳು ಎರಡು ದಂಡೆಗಳಲ್ಲಿ ಬೇರೆ ಬೇರೆಯಾಗಿ ಅಡಿಗಲ್ಲು ಹಾಕಿದವು. 1953ರಲ್ಲಿ ಕಾಲುವೆಗಳಿಗೆ ನೀರು ಬಂತು. ಎಡದಂಡೆ ಮುಖ್ಯ ಕಾಲುವೆಯ ಉದ್ದ 227 ಕಿ.ಮೀ.; ಗಂಗಾವತಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರು ತಾಲೂಕಿನವರೆಗೆ ಹರಿದು ಸುಮಾರು 6 ಲಕ್ಷ ಎಕರೆಗೆ ನೀರುಣಿಸಬೇಕೆಂಬುದು ಯೋಜನೆ.

ಯೋಜನೆ ಬರೆದವರ ಮನಸ್ಸಿನಲ್ಲಿದ್ದದ್ದು ಬರ ತಡೆಯುವ ನೀರಾವರಿ. ಸ್ವಲ್ಪ ನೀರನ್ನು ಬಹಳ ಹೊಲಗಳಿಗೆ ಹಂಚಬೇಕು. ಜೋಳ, ಹತ್ತಿ, ಶೇಂಗಾ ಮುಖ್ಯ. ಭತ್ತ, ಕಬ್ಬು ಅಲ್ಲಲ್ಲಿ ಮಾತ್ರ. ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಎಂಬುದನ್ನು ಮೊದಲೇ ಗೊತ್ತುಮಾಡಿ ಕಾಲುವೆಯ ಗಾತ್ರವನ್ನೂ ಅದಕ್ಕೆ ತಕ್ಕಂತೆ ಕಟ್ಟಿದ್ದರು. ಎರೆ ಹೊಲದ ಸ್ಥಳೀಯ ರೈತ ಮೊದಲಿಗೆ ನೀರಿಗೆ ಹಿಂಜರಿದ. ಎರೆಗೆ ನೀರು ಹಾಯಿಸಿದರೆ ಹೊಲ ಕೆಡುತ್ತದೆ ಎಂಬ ಅವನ ಅಂಜಿಕೆ ಬುಡವಿಲ್ಲದ್ದಲ್ಲ. ಹೊಲ ಮಟ್ಟ ಮಾಡಲು ಅವನ ಕೈಯಲ್ಲಿ ಹಣವೂ ಇರಲಿಲ್ಲ.

ಆ ಹಿಂಜರಿಕೆಯ ನಡುವೆ ಕರಾವಳಿ ಆಂಧ್ರದ ರೈತರು ಬಂದರು. ಗೋದಾವರಿ, ಕೃಷ್ಣಾ ಮುಖಜ ಭೂಮಿಯಲ್ಲಿ ಎಕರೆ ನೆಲ ಮಾರಿದ ಹಣಕ್ಕೆ ಇಲ್ಲಿ ಎಷ್ಟೋ ಎಕರೆ ಸಿಗುತ್ತಿತ್ತು. ಅವರಿಗೆ ಕಾಲುವೆ ಬೇಸಾಯ ಅಜ್ಜಂದಿರ ಕಾಲದಿಂದ ಬಂದ ವಿದ್ಯೆ. ಕಾಲುವೆಯ ಮಗ್ಗುಲಿಗೆ ಗುಡಿಸಲು ಹಾಕಿ, ಹೊಲ ಮಟ್ಟ ಮಾಡಿ, ಬದು ಕಟ್ಟಿ ಭತ್ತ ನಾಟಿ ಮಾಡಿದರು. ಆ ಗುಡಿಸಲುಗಳ ಸಾಲುಗಳೇ ಕ್ಯಾಂಪುಗಳು. ಗಂಗಾವತಿ, ಸಿಂಧನೂರು, ಮಾನ್ವಿ ತಾಲೂಕುಗಳಲ್ಲಿ ಹಳೆಯ ಊರೊಂದು, ಅದರ ಪಕ್ಕ ಅದೇ ಹೆಸರಿನದೋ ಹೊಸ ಹೆಸರಿನದೋ ಕ್ಯಾಂಪೊಂದು ಎಂಬುದು ಸಾಮಾನ್ಯ ನೋಟ. ಹಳೆಯ ಊರಿನ ಓಣಿಗಳು ಡೊಂಕು, ಮನೆಗಳು ಮಣ್ಣಿನ ಮಾಳಿಗೆಯವು, ನಡುವೆ ಹನುಮಂತನ ಗುಡಿ, ಮೊಹರಮ್ಮಿನ ಅಲಾಯಿ ಕುಣಿ. ಕ್ಯಾಂಪಿನ ಬೀದಿಗಳು ನೇರ, ಮನೆಯ ಹಿಂದೆ ತೆಂಗು, ಬಾಳೆ, ನಡುವೆ ರಾಮಮಂದಿರ, ಮನೆಮಾತು ತೆಲುಗು. ಅರ್ಧ ಮೈಲಿಯೊಳಗೆ ಎರಡು ಬೇಸಾಯ, ಎರಡು ಅಡುಗೆ.

ಕ್ಯಾಂಪಿನವರನ್ನು ದೂರುವುದು ಸುಲಭ. ಅವರು ದುಡಿದರು, ಅಪಾಯ ಮೈಮೇಲೆ ಎಳೆದುಕೊಂಡರು, ನೀರಿನ ಬೇಸಾಯವನ್ನು ಸ್ಥಳೀಯರಿಗೂ ಕಲಿಸಿದರು. ಆದರೆ ಅಗ್ಗಕ್ಕೆ ಹೊಲ ಮಾರಿ, ಹತ್ತೇ ವರ್ಷಗಳಲ್ಲಿ ಅದೇ ಹೊಲದಲ್ಲಿ ಕೂಲಿಗೆ ನಿಂತ ಕುಟುಂಬಗಳ ಕಥೆಯೂ ಅಷ್ಟೇ ನಿಜ. ಸರ್ಕಾರ ನೀರು ತರುವ ಮೊದಲು ರೈತನಿಗೆ ಸಾಲ, ತರಬೇತಿ, ನೆಲ ಮಟ್ಟ ಮಾಡುವ ನೆರವು ಕೊಟ್ಟಿದ್ದರೆ ಆ ಮಾರಾಟಗಳಲ್ಲಿ ಬಹಳಷ್ಟು ನಡೆಯುತ್ತಿರಲಿಲ್ಲ. ಇದು ವಲಸೆ ಬಂದವರ ತಪ್ಪಿಗಿಂತ ಯೋಜನೆಯ ಲೋಪ.

ಭತ್ತ ಎಲ್ಲರ ಬೆಳೆಯಾಯಿತು. 1980ರ ದಶಕದ ನಡುವೆ ಬಾಪಟ್ಲದಿಂದ ಬಂದ ಬಿಪಿಟಿ 5204 ತಳಿ ಸೋನಾ ಮಸೂರಿ ಅಕ್ಕಿಯ ಹೆಸರಿನಲ್ಲಿ ಬೆಂಗಳೂರಿನ ಊಟದ ತಟ್ಟೆಗೂ ಹೋಯಿತು. ಅಕ್ಕಿ ಗಿರಣಿಗಳು, ಟ್ರ್ಯಾಕ್ಟರುಗಳು, ಗೊಬ್ಬರದ ಅಂಗಡಿಗಳು, ಕೊನೆಗೆ ಕೊಯ್ಯುವ ಯಂತ್ರಗಳು ಬಂದವು. ರೊಟ್ಟಿ, ಪುಂಡಿ ಪಲ್ಯದ ಮನೆಗಳಲ್ಲಿ ದಿನಾ ಅನ್ನ ಬೇಯತೊಡಗಿತು. ಪಡಿತರದ ಅಕ್ಕಿ ಆ ಬದಲಾವಣೆಯನ್ನು ಒಣ ಸೀಮೆಗೂ ಮುಟ್ಟಿಸಿತು. ಸಿಂಧನೂರು ತಾಲೂಕಿನಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೂ ಪುನರ್ವಸತಿ ಕ್ಯಾಂಪುಗಳಾದವು. ಕನ್ನಡ, ತೆಲುಗು, ದಖನಿ ಉರ್ದು, ಬಂಗಾಳಿ ಒಂದೇ ಸಂತೆಯಲ್ಲಿ ಕೇಳಿಸುವ ಸೀಮೆ ರಾಜ್ಯದಲ್ಲಿ ಇನ್ನೊಂದು ಸಿಗುವುದು ಕಷ್ಟ.

ಇದೇ ಭತ್ತ ಮಾನ್ವಿಗೂ ರಾಯಚೂರಿಗೂ ಸಂಕಟ ತಂದಿತು. ಸ್ವಲ್ಪ ನೀರಿನ ಬೆಳೆಗೆಂದು ಕಟ್ಟಿದ ಕಾಲುವೆಯಲ್ಲಿ ಮೇಲ್ಭಾಗದವರೆಲ್ಲ ಭತ್ತ ನಾಟಿ ಮಾಡಿದರೆ ಕೆಳಗೆ ಏನು ಉಳಿದೀತು? ಮಾನ್ವಿ, ಸಿರವಾರ, ರಾಯಚೂರು ಹಳ್ಳಿಗಳ ನಾಲಿಗೆಯ ಮೇಲೆ ಕಾಲುವೆಯ ಮೈಲು ಕಲ್ಲುಗಳ ಅಂಕೆಗಳು ಆಡುತ್ತವೆ. 47ನೇ ಮೈಲಿನಲ್ಲಿ ನೀರಿನ ಗೇಜ್ ಎಷ್ಟು, 69ರಲ್ಲಿ ಎಷ್ಟು, 104ರಲ್ಲಿ ಎಷ್ಟು ಎಂಬುದರ ಮೇಲೆ ಊರ ಮಾತುಕತೆ, ಧರಣಿ, ರಸ್ತೆ ತಡೆ ಎಲ್ಲ ನಿಂತಿವೆ. 69ರಲ್ಲಿ ಗೇಜ್ ಇಳಿದರೆ ಮಾನ್ವಿಯ ಭತ್ತ ಒಣಗುತ್ತದೆ. 104ರಲ್ಲಿ ಇಳಿದರೆ ಕೊನೆಯವರ ಕಥೆ ಮುಗಿದಂತೆ. ಮೇಲ್ಭಾಗದಲ್ಲಿ ಅಕ್ರಮ ತೂಬು, ಪಂಪ್‌ಸೆಟ್. ಕೆಳಭಾಗದಲ್ಲಿ ಒಣಗಿದ ಉಪಕಾಲುವೆ. ನಡುವೆ ಎಂಜಿನಿಯರು, ಪೊಲೀಸು, ಶಾಸಕರು. ಡಚ್ ವಿದ್ವಾಂಸ ಪೀಟರ್ ಮೊಲಿಂಗ ಈ ಕಾಲುವೆಯ ನೀರಿನ ರಾಜಕಾರಣವನ್ನು ಹಳ್ಳಿಗಳಲ್ಲಿ ಕೂತು ಅಧ್ಯಯನ ಮಾಡಿ ಪುಸ್ತಕ ಬರೆದಿದ್ದಾರೆ. ಜಲಾಶಯದಲ್ಲಿ ಹೂಳು ತುಂಬಿದ್ದು ಸಂಕಟವನ್ನು ಹೆಚ್ಚಿಸಿತು: ಮೊದಲು 133 ಟಿಎಂಸಿ ಇದ್ದ ಸಾಮರ್ಥ್ಯ ಈಗ ಸುಮಾರು 105ಕ್ಕೆ ಇಳಿದಿದೆ. ನೀರು ಹೆಚ್ಚಾದ ಕಡೆ ಸವಳು, ಜವಳು. ನೀರು ಇಲ್ಲದ ಕಡೆ ಬಿರುಕು.

2002ರಲ್ಲಿ ವರದಿ ಕೊಟ್ಟ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಯಲ್ಲಿ ಮಾನ್ವಿಯನ್ನೂ ಸೇರಿಸಿತು. ಕಾಲುವೆ ಬಂದು ಅರ್ಧ ಶತಮಾನವಾಗಿತ್ತು. ಹಣ ಹರಿದಷ್ಟು ಶಾಲೆ, ಆಸ್ಪತ್ರೆ, ರಸ್ತೆ ಹರಿಯಲಿಲ್ಲ ಎಂಬುದನ್ನು ಆ ಪಟ್ಟಿ ಎಲ್ಲಕ್ಕಿಂತ ಸ್ಪಷ್ಟವಾಗಿ ಹೇಳಿತು.

ದೇವದುರ್ಗದ ಕಾಯುವಿಕೆ

ಅದೇ ಪಟ್ಟಿಯ ತಳದಲ್ಲಿ ದೇವದುರ್ಗವಿತ್ತು. ಕೃಷ್ಣೆ ತಾಲೂಕಿನ ಅಂಚನ್ನೇ ತಬ್ಬಿ ಹರಿಯುತ್ತದೆ. ಗಬ್ಬೂರಿನಂಥ ಊರಿನ ಗುಡಿಗಳು, ಶಾಸನಗಳು ಒಂದು ಕಾಲದ ಸಂಪತ್ತನ್ನು ಹೇಳುತ್ತವೆ. ಆದರೂ ಶತಮಾನದ ಬಹುಪಾಲು ಈ ತಾಲೂಕು ಮಳೆಯನ್ನೇ ನಂಬಿತ್ತು. ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರ ಮೇ 22ರಂದು ಆಲಮಟ್ಟಿಯಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ನಾರಾಯಣಪುರ ಅಣೆಕಟ್ಟು 1982ಕ್ಕೆ ಮುಗಿಯಿತು. ಅದರ ಎಡದಂಡೆಯ ನೀರು ಶಹಾಪುರ, ಸುರಪುರಗಳ ಕಡೆಗೆ ಮೊದಲು ಹರಿಯಿತು. ಲಿಂಗಸುಗೂರು, ದೇವದುರ್ಗಗಳಿಗೆ ಬರಬೇಕಾದ 95 ಕಿ.ಮೀ. ಬಲದಂಡೆ ಕಾಲುವೆ ಹೊಲ ಮುಟ್ಟುವ ಹೊತ್ತಿಗೆ ಶತಮಾನವೇ ಮುಗಿಯುತ್ತ ಬಂದಿತ್ತು. ಮಾನ್ವಿಯ ಮೊದಲ ಕ್ಯಾಂಪಿಗೂ ದೇವದುರ್ಗದ ಮೊದಲ ಕಾಲುವೆ ನೀರಿಗೂ ನಡುವೆ ಎರಡು ತಲೆಮಾರು.

ಆ ಎರಡು ತಲೆಮಾರು ಗುಳೆ ಹೋದವು. ಸುಗ್ಗಿ ಮುಗಿದ ಮೇಲೆ, ಬರದ ವರ್ಷವಾದರೆ ಅದಕ್ಕೂ ಮೊದಲೇ, ಗಂಡ ಹೆಂಡತಿ ಮಕ್ಕಳು ಪಾತ್ರೆ ಪಡಗ, ಜೋಳದ ಹಿಟ್ಟು ಕಟ್ಟಿಕೊಂಡು ಬಸ್ಸು ಹತ್ತುವರು. ಕೆಲವು ಮನೆಗಳಲ್ಲಿ ಮುದುಕರಷ್ಟೇ, ಉಳಿದವುಗಳ ಬಾಗಿಲಿಗೆ ಬೀಗ. ಬೆಂಗಳೂರಿನ ಕಟ್ಟಡಗಳು, ಪುಣೆ, ಮುಂಬೈಗಳ ಕಾಮಗಾರಿಗಳು ಇವರ ಕೈಕೆಲಸದಿಂದ ಎದ್ದವು. ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರಿದ್ದ ಮಗು ವರ್ಷದ ಅರ್ಧ ಕಾಲ ಇಟ್ಟಿಗೆ ರಾಶಿಯ ಪಕ್ಕ ಬೆಳೆಯಿತು. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ 60ರ ಹತ್ತಿರ ನಿಂತಾಗ ರಾಜ್ಯದ ಸರಾಸರಿ ಶೇ 75 ದಾಟಿತ್ತು. ಆ ಅಂತರದಲ್ಲಿ ಗುಳೆಯ ಪಾಲು ದೊಡ್ಡದು. ದೇವದಾಸಿ ಪದ್ಧತಿಯನ್ನು ನಿಷೇಧಿಸುವ 1982ರ ಕಾನೂನು ಬಂದ ಮೇಲೂ ಬಡತನ, ಜಾತಿ ಸೇರಿ ಹೆಣ್ಣುಮಕ್ಕಳನ್ನು ಆ ಬಲೆಗೆ ದೂಡಿದ ಸೀಮೆಗಳಲ್ಲಿ ಇದೂ ಒಂದು.

ರಾಜಕೀಯವಾಗಿ ದೇವದುರ್ಗದ ದನಿ ಬಲವಾದದ್ದು ಬೇರೆ ದಾರಿಯಿಂದ. ನಾಯಕ ಸಮುದಾಯ 1991ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿತು. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ದೇವದುರ್ಗ, ಮಾನ್ವಿ, ರಾಯಚೂರು ಗ್ರಾಮೀಣ ವಿಧಾನಸಭಾ ಕ್ಷೇತ್ರಗಳೂ ರಾಯಚೂರು ಲೋಕಸಭಾ ಕ್ಷೇತ್ರವೂ ಪರಿಶಿಷ್ಟ ಪಂಗಡಕ್ಕೆ ಮೀಸಲಾದವು. ನೂರು ವರ್ಷದ ಹಿಂದೆ ಬಿಟ್ಟಿ ದುಡಿದವರ ಮೊಮ್ಮಕ್ಕಳು ಈ ನಾಡಿನ ಪ್ರತಿನಿಧಿಗಳಾಗುವ ದಾರಿ ತೆರೆಯಿತು.

ನಗರ ಬೆಳೆದ ಬಗೆ

1901ರಲ್ಲಿ ರಾಯಚೂರಿನ ಜನಸಂಖ್ಯೆ ಸುಮಾರು 22 ಸಾವಿರ. 1294ರ ಶಾಸನವಿರುವ ಕೋಟೆ, ಅದರ ಸುತ್ತ ಮಕ್ಕಾ ದರ್ವಾಜಾ, ನವರಂಗಿ ದರ್ವಾಜಾ, ಕಾಟಿ ದರ್ವಾಜಾ, ಬೆಟ್ಟದ ಬುಡದ ಆಮ್ ತಲಾಬ್, ಖಾಸ್ ಬಾವಿ. ಊರು ಬಹುಮಟ್ಟಿಗೆ ಇಷ್ಟರೊಳಗೆ ಮುಗಿಯುತ್ತಿತ್ತು. ಸ್ಟೇಷನ್ನಿನ ಕಡೆಗೆ ಬೆಳೆದದ್ದು ಮೊದಲ ಹೆಜ್ಜೆ; ರಾಜೇಂದ್ರ ಗಂಜಿನ ಸುತ್ತ ದಲಾಲಿ ಅಂಗಡಿ, ಉಗ್ರಾಣ, ಗಿರಣಿಗಳು ಬೆಳೆದದ್ದು ಎರಡನೆಯದು. ತೀನ್ ಕಂದೀಲಿನಿಂದ ಗಂಜ್‌ವರೆಗೆ ನಡೆದರೆ ಕೋಟೆಯ ಊರು ಪೇಟೆಯ ಊರಾದ ಬಗೆ ಕಾಲಿಗೇ ತಿಳಿಯುತ್ತದೆ.

ಮೂರನೆಯ ಹೆಜ್ಜೆ ದೂರದ್ದು. ಕೃಷ್ಣೆಯ ದಂಡೆಯ ದೇವಸೂಗೂರು ಸೂಗೂರೇಶ್ವರನ ಜಾತ್ರೆಗೆ ಹೆಸರಾದ ಹಳ್ಳಿ. ಅದರ ಪಕ್ಕ ಉಷ್ಣ ವಿದ್ಯುತ್ ಸ್ಥಾವರ ಎದ್ದು, 210 ಮೆಗಾವಾಟಿನ ಮೊದಲ ಘಟಕ 1985ರಲ್ಲಿ ಚಾಲನೆಗೆ ಬಂತು. 2002ರ ಕೊನೆಗೆ ಏಳು ಘಟಕಗಳಾದವು. ಎಂಟನೆಯದು ಸೇರಿ ಒಟ್ಟು 1,720 ಮೆಗಾವಾಟ್. ಕಲ್ಲಿದ್ದಲು ಸಿಂಗರೇಣಿಯ ಗಣಿಗಳಿಂದ ಅದೇ ಹಳೆಯ ರೈಲು ದಾರಿಯಲ್ಲಿ ಬಂತು, ನೀರು ಕೃಷ್ಣೆಯದು. ಶಕ್ತಿನಗರವೆಂಬ ಹೊಸ ಊರು ಹುಟ್ಟಿತು. ನೌಕರರ ಮನೆಗಳು, ಶಾಲೆ, ಆಸ್ಪತ್ರೆ ಒಂದು ಕಡೆ. ಹಾರುಬೂದಿ ಮುಚ್ಚಿದ ಹೊಲ, ಕೆಮ್ಮು ಇನ್ನೊಂದು ಕಡೆ. ರಾಜ್ಯಕ್ಕೆಲ್ಲ ಬೆಳಕು ಕೊಟ್ಟ ಸ್ಥಾವರದ ಬೂದಿಯನ್ನು ನುಂಗಿದವರು ಪಕ್ಕದ ಹಳ್ಳಿಗರು. 2011ಕ್ಕೆ ನಗರದ ಜನಸಂಖ್ಯೆ 2.3 ಲಕ್ಷ ದಾಟಿತ್ತು. ಯರಮರಸು, ಲಿಂಗಸುಗೂರು ರಸ್ತೆ, ಮಂತ್ರಾಲಯ ರಸ್ತೆಗಳ ಉದ್ದಕ್ಕೂ ಹೊಲಗಳು ನಿವೇಶನಗಳಾಗಿದ್ದವು. ಎರಡು ನದಿಗಳ ನಡುವಿನ ಈ ನಗರ ಬೇಸಿಗೆಯಲ್ಲಿ ಕುಡಿಯುವ ನೀರಿಗೆ ರಾಂಪುರ ಕೆರೆಯ ಮಟ್ಟ ನೋಡುತ್ತಾ ಕೂರುವ ಸ್ಥಿತಿ ಮಾತ್ರ ತಪ್ಪಲಿಲ್ಲ.

ಹಾಡು, ಪದ, ಗಜಲ್

ಮಾನ್ವಿ ಜಗನ್ನಾಥದಾಸರ ಊರು. ಅವರ ಹರಿಕಥಾಮೃತಸಾರ ಈ ನೆಲದಲ್ಲಿ ಹುಟ್ಟಿದ ಕೃತಿ. ಹಳ್ಳಿಗಳಲ್ಲಿ ದಾಸರ ಪದ, ತತ್ವಪದಗಳ ಜೊತೆ ಮೊಹರಮ್ಮಿನ ಅಲಾಯಿ ಕುಣಿತ, ರಿವಾಯತ್ ಹಾಡು ಬೆರೆತು ಹೋಗಿವೆ. ಅಲಾಯಿ ದೇವರಿಗೆ ಹರಕೆ ಹೊರುವ ಹಿಂದೂ ಮನೆಗಳು, ಮುಸ್ಲಿಂ ಮನೆಗಳೇ ಇಲ್ಲದಿದ್ದರೂ ಮೊಹರಂ ಆಚರಿಸುವ ಊರುಗಳು ಈ ಸೀಮೆಯಲ್ಲಿವೆ. ಶತಮಾನದ ರಾಜಕೀಯ ಎಷ್ಟೋ ಗೋಡೆ ಎಬ್ಬಿಸಿದರೂ ಈ ಬೆರಕೆ ಉಳಿದದ್ದು ದೊಡ್ಡ ಮಾತು.

ಉರ್ದು ಬಲ್ಲ ಕವಿ ಶಾಂತರಸ (1924–2008) ರಾಯಚೂರು ತಾಲೂಕಿನ ಹೆಂಬೇರಾಳದವರು. ಕನ್ನಡದಲ್ಲಿ ಗಜಲ್ ಬೇರೂರಲು ಮುಖ್ಯ ಕಾರಣರಾದರು; 2006ರಲ್ಲಿ ಬೀದರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಆದರು. ಅವರ ಮಗಳು ಎಚ್.ಎಸ್. ಮುಕ್ತಾಯಕ್ಕ ಆ ಪರಂಪರೆಯನ್ನು ಹೆಣ್ಣಿನ ದನಿಯಲ್ಲಿ ಮುಂದುವರಿಸಿದರು. ಒಂದು ಕಾಲಕ್ಕೆ ಹೇರಿಕೆಯ ಭಾಷೆಯಾಗಿ ಬಂದದ್ದರ ಅತ್ಯುತ್ತಮ ಗುಣವನ್ನು ಕನ್ನಡ ತನ್ನದಾಗಿಸಿಕೊಂಡದ್ದು ಇಲ್ಲಿಯೇ. ಜಂಬಣ್ಣ ಅಮರಚಿಂತರ 'ಕುರುಮಯ್ಯ ಮತ್ತು ಅಂಕುಶದೊಡ್ಡಿ' ಕಾದಂಬರಿ ಈ ನೆಲದ ಬದುಕನ್ನು ಹಿಡಿದಿದೆ. ಹಿಂದೂಸ್ತಾನಿ ಗಾಯಕ ಸಿದ್ಧರಾಮ ಜಂಬಲದಿನ್ನಿಯವರ ಹೆಸರು ರಾಯಚೂರಿನ ರಂಗಮಂದಿರಕ್ಕಿದೆ. ಕ್ಲಾರಿಯೋನೆಟ್ಟಿನಲ್ಲಿ ನರಸಿಂಹಲು ವಡವಾಟಿ ಹೆಸರು ಮಾಡಿದರು. ಕಾರಹುಣ್ಣಿಮೆಗೆ ನಗರದಲ್ಲಿ ಮುನ್ನೂರು ಕಾಪು ಸಮಾಜ ನಡೆಸುವ ಮುಂಗಾರು ಹಬ್ಬದಲ್ಲಿ ಎತ್ತುಗಳು ಭಾರದ ಕಲ್ಲು ಎಳೆಯುತ್ತವೆ. ಟ್ರ್ಯಾಕ್ಟರಿನ ಸೀಮೆಯಲ್ಲಿ ಎತ್ತು ಕಟ್ಟುವ ಮನೆಗಳು ಕಡಿಮೆಯಾದಷ್ಟೂ ಆ ಕಣಕ್ಕೆ ಸೇರುವ ಜನ ಹೆಚ್ಚಾಗಿದ್ದಾರೆ.

ಶತಮಾನದ ಆಚೆಗೆ

1997ರಲ್ಲಿ ಕೊಪ್ಪಳ ಬೇರೆ ಜಿಲ್ಲೆಯಾದಾಗ ರಾಯಚೂರು ತನ್ನ ಪಡುವಣ ತಾಲೂಕುಗಳನ್ನು ಬಿಟ್ಟುಕೊಟ್ಟಿತು. 2009ರಲ್ಲಿ ನಗರಕ್ಕೆ ಕೃಷಿ ವಿಶ್ವವಿದ್ಯಾಲಯ ಬಂತು. ಅದೇ ವರ್ಷ ಅಕ್ಟೋಬರಿನಲ್ಲಿ ಎರಡೂ ನದಿಗಳು ಉಕ್ಕಿ ದಂಡೆಯ ಹಳ್ಳಿಗಳನ್ನು ಕೊಚ್ಚಿದವು. ಸಂವಿಧಾನದ 371(ಜೆ) ವಿಧಿ 2013ರಿಂದ ಜಾರಿಗೆ ಬಂದು, ಹಳೆಯ ನಿಜಾಮ ಸೀಮೆಯ ಮಕ್ಕಳಿಗೆ ಸೀಟು, ನೌಕರಿಗಳಲ್ಲಿ ಮೀಸಲು ಸಿಕ್ಕಿತು. ತಾಲೂಕಿನ ಹಳ್ಳಿಯ ಮನೆಯೊಂದರಿಂದ ಮೊದಲ ವೈದ್ಯ, ಮೊದಲ ಎಂಜಿನಿಯರ್ ಹೊರಬಂದದ್ದನ್ನು ಈಗ ಎಲ್ಲೆಡೆ ಕೇಳಬಹುದು. ಮಾನ್ವಿ ತಾಲೂಕನ್ನು ಒಡೆದು ಸಿರವಾರ ತಾಲೂಕಾಯಿತು. 1997ರ ಸುಮಾರಿಗೆ ಮಂಜೂರಾದ ಮುನಿರಾಬಾದ್–ಮೆಹಬೂಬನಗರ ರೈಲು ಮಾರ್ಗ ತುಂಡು ತುಂಡಾಗಿ ಸಾಗಿ ಸಿಂಧನೂರು ಮುಟ್ಟಿದೆ. ಮುಂದೆ ಮಾನ್ವಿಯ ಮೇಲೆ ಹಾದು ರಾಯಚೂರು ಸೇರಬೇಕಿದೆ. ದೇವದುರ್ಗದ ರೈತ ಹತ್ತಿ ಹೇರಿಕೊಂಡು ಇಂದಿಗೂ ರಸ್ತೆಯಲ್ಲಿಯೇ ರಾಯಚೂರಿನ ಗಂಜಿಗೆ ಬರುತ್ತಾನೆ. ಆ ರೈಲು ಮಾರ್ಗದ ನಕ್ಷೆಯಲ್ಲಿ ಅವನ ತಾಲೂಕು ಇಲ್ಲ.